ಹನ್ನೊಂದು ಹನ್ನೆರಡಕ್ಕೆ ಬಂದ ಕರೆ

"ಇದು ನಿಮ್ಮ ಸಿಮ್ಮೇ ಅಲ್ಲ ಅಕ್ಕ."

ಎಎಸ್‌ಐ ಯಶೋಧಾ ಉಗುರಿನಷ್ಟಗಲದ ಆ ಚೂರನ್ನು ಬಿಳಿ ಹಾಳೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು, ಅದರ ಬೆನ್ನಿನ ಅಂಕಿಗಳನ್ನು ಎರಡನೇ ಸಲ ಓದಿದರು. ಪಕ್ಕದಲ್ಲಿ ಮೊಬೈಲ್ ಕಂಪನಿಯವರು ಕಳಿಸಿದ ಕಾಗದವಿತ್ತು. ಒಂದಕ್ಕೊಂದು ತಾಳೆಯಾಗಲಿಲ್ಲ.

"ಹಂಗಂದ್ರೆ ಏನ್ ಮೇಡಂ?"

"ಮಂಗಳವಾರ ನಿಮ್ಮ ಫೋನ್ ಸತ್ತಿದ್ದು ಸಿಮ್ ಕೆಟ್ಟು ಅಲ್ಲ. ಯಾರೋ ನಿಮ್ಮ ಸಿಮ್ ಬಿಚ್ಕಂಡು, ಯಾವುದೋ ಹಳೇದನ್ನ ಅದರ ಜಾಗಕ್ಕೆ ಹಾಕ್ಯಾರೆ. ನಿಮ್ಮದನ್ನ ತಮ್ಮ ಫೋನಿಗೆ ಹಾಕ್ಕಂಡು, ಬ್ಯಾಂಕಿನ ಆ್ಯಪ್ ತೆಗ್ದು ದುಡ್ಡು ಕಳಿಸ್ಯಾರೆ. ಇದು ಎಲ್ಲೋ ಕುಂತು ಲಿಂಕ್ ಕಳಿಸಿ ಮಾಡೋ ಮೋಸ ಅಲ್ಲ. ನಿಮ್ಮ ಫೋನು ಕೈಯಾಗೆ ಹಿಡಿದೋರ ಕೆಲಸ."

ರೆಹಾನಾ ಕುರ್ಚಿಯ ತುದಿಗೆ ಸರಿದು ಕುಳಿತಳು. ಕೆಟ್ಟ ಸಿಮ್ಮೆಂದು ಮೊಬೈಲ್ ಅಂಗಡಿಯವರು ಕಸಕ್ಕೆಸೆಯಲು ಹೊರಟಿದ್ದನ್ನು ಅವಳೇ ಕೇಳಿ ಇಸಿದುಕೊಂಡು, ಕಾಗದದಲ್ಲಿ ಮಡಚಿ ಇಟ್ಟುಕೊಂಡಿದ್ದಳು. ಗುಂಡಿ, ಮುರಿದ ಸೂಜಿ, ದಾರದ ತುಂಡು, ಯಾವುದನ್ನೂ ಎಸೆಯುವ ಕೈಯಲ್ಲ ಅವಳದು.

ಹಿರಿಯೂರಿನಲ್ಲಿ ಅವಳ ಹಾಸಿಗೆ ಅಂಗಡಿ. ಅವಳೂ ಸೇರಿ ಹನ್ನೊಂದು ಹೆಂಗಸರು ಹತ್ತಿ ಹಿಂಜುವ ಹೊಸ ಯಂತ್ರಕ್ಕೆಂದು ನಾಲ್ಕು ವರ್ಷ ಕೂಡಿಟ್ಟ ಆರು ಲಕ್ಷ ಹತ್ತು ಸಾವಿರದಲ್ಲಿ ಒಂದು ಲಕ್ಷ ತೊಂಬತ್ತು ಸಾವಿರ ಮಂಗಳವಾರ ಬೆಳಿಗ್ಗೆ ನಾಲ್ಕು ನಿಮಿಷದಲ್ಲಿ ಮಾಯವಾಗಿತ್ತು.

ಇವತ್ತು ಶನಿವಾರ. ಚಿತ್ರದುರ್ಗದ ಈ ಠಾಣೆಗೆ ಅವಳು ಬರುತ್ತಿರುವುದು ಮೂರನೇ ಸಲ. ಮೊದಲ ದಿನ ಯಶೋಧಾ ನೀರು ಕೊಟ್ಟು, ಫ್ಯಾನಿನ ಕೆಳಗೆ ಕೂರಿಸಿ, "ಅಳೋದಾದ್ರೆ ಅತ್ತು ಮುಗಿಸಿ, ಆಮೇಲೆ ಬರ್ಕಳಾಣ" ಎಂದಿದ್ದರು. ಆ ಸಂಜೆಯೊಳಗೆ ಹೋದ ದುಡ್ಡಿನಲ್ಲಿ ಅರ್ಧ ಹೊಳಲ್ಕೆರೆಯ ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿತ್ತು. ಹೊರಕೆರೆದೇವಪುರದಲ್ಲಿ ಎಳನೀರು ಮಾರುವ ಏಕಾಂತಪ್ಪನ ಖಾತೆ ಅದು. ಯಾರೋ ಸರ್ಕಾರದ ಸ್ಕೀಮು ಅಂತ ಹೇಳಿ ಅವನ ಪಾಸ್‌ಬುಕ್ಕು, ಕಾರ್ಡು ಎರಡನ್ನೂ ಇಸಿದುಕೊಂಡು ಹೋಗಿದ್ದರಂತೆ. ಆ ಹಣ ಹೊರಗೆ ಹೋಗದಂತೆ ಯಶೋಧಾ ಕಟ್ಟಿ ನಿಲ್ಲಿಸಿದ್ದರು. ಅದಕ್ಕೆ ರೆಹಾನಾ ಐದು ಹೊತ್ತಿನ ನಮಾಜಿನಲ್ಲೂ ಅವರ ಹೆಸರು ಹೇಳುತ್ತಿದ್ದಳು.

"ಆವತ್ತು ಬೆಳಿಗ್ಗೆ ನಿಮ್ಮ ಫೋನು ಯಾರ್‍ಯಾರ ಕೈಗೆ ಹೋಗಿತ್ತು? ನಿಧಾನಕ್ಕೆ ಹೇಳ್ರಿ."

"ಹತ್ತೂಕಾಲಿಗೆ ಬ್ಯಾಂಕಿಗೆ ಹೋಗಿದ್ದೆ. ಪಾಸ್‌ಬುಕ್ ಎಂಟ್ರಿ ಹಾಕ್ಸಕ್ಕೆ. ಆ್ಯಪು ತಕರಾರು ಮಾಡ್ತಿತ್ತು. ಕೌಂಟರಿನ ಹಾಲಸ್ವಾಮಿ, ನಮ್ಮ ಹಾಲಣ್ಣ, ಇಸ್ಕಂಡು ಸರಿ ಮಾಡಿಕೊಟ್ರು."

"ಎಷ್ಟೊತ್ತು ಅವರ ಹತ್ರ ಇತ್ತು?"

"ಐದು ನಿಮಿಷ. ಆಮೇಲೆ ಅಂಗಡಿಗೆ ಬಂದು ಚಾರ್ಜಿಗೆ ಹಾಕಿದೆ. ಹನ್ನೊಂದೂವರೆಗೆ ನೋಡಿದ್ರೆ ಸಿಗ್ನಲ್ ಇಲ್ಲ. ಸಿಗ್ನಲ್ ಸತ್ರೆ ತಕ್ಷಣ ಬ್ಯಾಂಕಿಗೆ ಬರ್ರಿ ಅಂತ ಹಾಲಣ್ಣ ಹೇಳಿದ್ರು, ಓಡಿದೆ. ನಾನು ಹೋದಾಗ ಹನ್ನೆರಡಕ್ಕೆ ಹತ್ತು ನಿಮಿಷ."

"ಪಿನ್ ನಂಬರ್ ಯಾರಿಗೆ ಗೊತ್ತು?"

"ನನಗೆ. ಹಾಲಣ್ಣನೇ ಹಾಕಿಕೊಟ್ಟಿದ್ದು, ಹಂಗಾಗಿ ಅವರಿಗೂ ಗೊತ್ತಿರಬೋದು. ಮತ್ಯಾರಿಗೂ ಇಲ್ಲ."

ಯಶೋಧಾ ಮೇಜಿನ ಖಾನೆಯಿಂದ ಇನ್ನೊಂದು ಹಾಳೆ ತೆಗೆದರು. ಬ್ಯಾಂಕಿನವರು ಕೊಟ್ಟದ್ದು. ಹಾಳೆ ತಿರುಗಿಸಿ ಅವಳ ಕಡೆ ತಳ್ಳಿ, ಪೆನ್ನಿನ ತುದಿಯನ್ನು ಒಂದು ಸಾಲಿನ ಕೆಳಗಿಟ್ಟರು.

"ಹನ್ನೊಂದು ನಾಲ್ಕಕ್ಕೆ ಒಂದು ಸಲ, ಹನ್ನೊಂದು ಎಂಟಕ್ಕೆ ಇನ್ನೊಂದು ಸಲ ದುಡ್ಡು ಹೋಗೈತೆ. ಹನ್ನೊಂದು ಹದಿನೈದಕ್ಕೆ ಮೂರನೇ ಸಲ ಕೈ ಹಾಕ್ಯಾರೆ. ಬಾಗಿಲು ಮುಚ್ಚಿತ್ತು. ಯಾಕಂದ್ರೆ ಹನ್ನೊಂದು ಹನ್ನೆರಡಕ್ಕೆ ಖಾತೆ ನಿಲ್ಲಿಸ್ಯಾರೆ. ನಿಲ್ಲಿಸಿದ್ದು ಹಾಲಸ್ವಾಮಿ. ಅವರ ಐಡಿ ಇಲ್ಲಿ ಐತೆ ನೋಡ್ರಿ."

"ಅದು ನನಗೆ ಗೊತ್ತಲ್ಲ ಮೇಡಂ. ಅವರೇ ಅಲ್ವಾ ಉಳಿಸಿದ್ದು."

"ನೀವು ಬ್ಯಾಂಕಿಗೆ ಹೋಗಿದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ."

ರೆಹಾನಾ ಹಾಳೆಯನ್ನೇ ನೋಡಿದಳು. ಹನ್ನೊಂದು ಹನ್ನೆರಡು. ಆ ಹೊತ್ತಿನಲ್ಲಿ ಅವಳು ಅಂಗಡಿಯಲ್ಲಿ ಕೂತು ದಿಂಬಿನ ಬಾಯಿ ಹೊಲಿಯುತ್ತಿದ್ದಳು. ಹಣ ಹೋದದ್ದು ಅವಳಿಗೇ ಗೊತ್ತಿರಲಿಲ್ಲ.

ಆಗ ಅವಳಿಗೆ ಒಂದು ಸಂಗತಿ ನೆನಪಾಯಿತು. ಮಂಗಳವಾರ ಏದುಸಿರು ಬಿಡುತ್ತಾ ಬ್ಯಾಂಕಿನೊಳಗೆ ಹೋದಾಗ ಅವಳಿನ್ನೂ ಬಾಯಿ ತೆರೆದಿರಲಿಲ್ಲ. ಹಾಲಸ್ವಾಮಿ ಕೌಂಟರಿನ ಹಿಂದಿನಿಂದ ಎದ್ದು ಬಂದು, "ಕುಂತ್ಕಳ್ರಿ ರೆಹಾನಮ್ಮ, ಉಳಿದಿದ್ದು ಭದ್ರ ಐತೆ" ಎಂದಿದ್ದರು. ಆ ಸಮಾಧಾನದಲ್ಲಿ ಅವಳಿಗೆ ಬೇರೇನೂ ಹೊಳೆದಿರಲಿಲ್ಲ.

ಆ ಮಾತನ್ನು ಅವಳು ಯಶೋಧಾರಿಗೆ ಹೇಳಿದಳು.

"ಬುಧವಾರದಿಂದ ಆಸಾಮಿ ರಜೆ ಮೇಲವ್ರೆ," ಎಂದರು ಯಶೋಧಾ. "ನಾನು ಎರಡು ಸಲ ಫೋನ್ ಮಾಡಿದೆ. ಹುಷಾರಿಲ್ಲ ಅಂತ ಇಟ್ಟರು. ಮನೆ ಹೊಸದುರ್ಗ. ಹೊರಡ್ತಾ ಇದೀನಿ."

"ನಾನೂ ಬರ್ತೀನಿ ಮೇಡಂ."

"ನೀವ್ಯಾಕೆ?"

"ನಿಮಗೆ ಅವರು ಹೇಳಲ್ಲ. ನನಗೆ ಸುಳ್ಳು ಹೇಳಕ್ಕೆ ಅವರಿಗೆ ಬರಲ್ಲ."

ಯಶೋಧಾ ಟೋಪಿ ಎತ್ತಿಕೊಂಡರು. "ಹೋಗಾಣ ಬರ್ರಿ."

ಜೀಪು ಹೊಳಲ್ಕೆರೆ ರಸ್ತೆ ಹಿಡಿಯಿತು. ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ರೆಹಾನಾ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಹದಿನಾಲ್ಕು ವರ್ಷದ ಹಿಂದೆ ಗಂಡ ರೌಫ್ ತೀರಿಕೊಂಡ ನಲವತ್ತೊಂದನೇ ದಿನಕ್ಕೆ ಅವಳು ಮೊದಲ ಸಲ ಬ್ಯಾಂಕಿನ ಬಾಗಿಲು ತುಳಿದಿದ್ದು. ಯಾವ ಚೀಟಿ, ಯಾವ ಸಾಲು, ಏನೂ ತಿಳಿಯದು. ಹೆಬ್ಬೆಟ್ಟು ಒತ್ತಲು ಶಾಯಿ ಕೇಳಿದಾಗ, ಹಾಲಸ್ವಾಮಿ ಶಾಯಿ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟಿದ್ದರು. ಹಣ ತೆಗೆಯುವ ಚೀಟಿಯ ಬೆನ್ನಿನ ಮೇಲೆ ದೊಡ್ಡದಾಗಿ ರೆಹಾನಾ ಎಂದು ಬರೆದು, "ಇದರ ಮೇಲೆ ದಿನಾ ಹತ್ತು ಸಲ ತಿದ್ದಿ, ಸೋಮವಾರ ಬರ್ರಿ" ಎಂದಿದ್ದರು. ಅವಳು ಸೋಮವಾರ ಬಂದು ಸಹಿ ಹಾಕಿದಾಗ, ಕೌಂಟರಿನ ಹಿಂದಿದ್ದವರೆಲ್ಲ ಕತ್ತೆತ್ತಿ ನೋಡಿದ್ದರು. ಒಬ್ಬರೂ ನಕ್ಕಿರಲಿಲ್ಲ.

ಫೋನಿನ ಬ್ಯಾಂಕನ್ನು ಕಲಿಸಿದ್ದೂ ಅವರೇ. ಲಾಕ್‌ಡೌನ್ ಕಾಲ. ಹತ್ತಿ ಮಂಡಿಯವರಿಗೆ ದುಡ್ಡು ಮುಟ್ಟಿಸಲು ಬಸ್ಸಿಲ್ಲ. ಬ್ಯಾಂಕಿನ ಹೊರಗೆ ಹೊಂಗೆ ಮರದ ಕೆಳಗೆ ಮಾರುದೂರ ನಿಂತು, ಅವರು ಹೇಳಿದ ಹಾಗೆ ಇವಳು ಒತ್ತಿದ್ದಳು. ಮೊದಲು ಕಳಿಸಿದ್ದು ಒಂದೇ ಒಂದು ರೂಪಾಯಿ, ಅವರಿಗೇ. "ಬಂತು ನೋಡ್ರಿ" ಎಂದು ಅವರು ತಮ್ಮ ಫೋನನ್ನು ಎತ್ತಿ ತೋರಿಸಿದಾಗ ಅವಳಿಗೆ ಹರೆಯ ಮರಳಿದಂತಾಗಿತ್ತು. ಅಲ್ಲಿಂದೀಚೆಗೆ ಒಂದು ದಿಂಬಿನ ದುಡ್ಡಿಗಾಗಿ ಚಿತ್ರದುರ್ಗಕ್ಕೆ ಬಸ್ಸು ಹತ್ತುವ ಕಷ್ಟ ತಪ್ಪಿತ್ತು. ಉಳಿದ ಹತ್ತು ಹೆಂಗಸರಿಗೂ ತಿಂಗಳ ಮೊದಲ ಶುಕ್ರವಾರ ಫೋನು ತೆರೆದು, ನಮ್ಮ ಗಂಟು ಇಷ್ಟಾಗೈತೆ ಎಂದು ತೋರಿಸುತ್ತಿದ್ದಳು. ಗಂಡಂದಿರ ಕಣ್ಣಿಗೆ ಬೀಳದ ದುಡ್ಡು ಅದು. ಅದನ್ನು ನೋಡುವಾಗ ಅವರ ಮುಖಗಳಲ್ಲಿ ಬರುವ ಕಳೆಗೆ ಅವಳು ಬ್ಯಾಂಕಿಗೂ ಋಣಿ, ಫೋನಿಗೂ ಋಣಿ.

ಅಂಥ ಮನುಷ್ಯ ಕದಿಯುತ್ತಾನೆಯೇ? ಕದಿಯುವವನು ಅರ್ಧಕ್ಕೇ ಬಾಗಿಲು ಮುಚ್ಚುತ್ತಾನೆಯೇ?

"ನಿಮ್ಮ ಹೆಂಗಸರು ಏನಂದ್ರು?" ಎಂದು ಯಶೋಧಾ ಮುಂದಿನಿಂದ ಕೇಳಿದರು.

"ಯಾರೂ ಒಂದು ಮಾತು ಅನ್ಲಿಲ್ಲ ಮೇಡಂ. ಬುಧವಾರ ಬೆಳಿಗ್ಗೆ ಅಂಗಡಿ ತೆಗೀಬಾರ್ದು ಅಂತಿದ್ದೆ. ಬಾಗಿಲಲ್ಲಿ ಎಲ್ಲಾ ನಿಂತಿದ್ರು. ನಮ್ಮ ಜೊತೆ ಹೊಲಿಯೋ ಏಕಾಂತಮ್ಮ ಫ್ಲಾಸ್ಕಿನಾಗೆ ಟೀ ತಂದಿದ್ಲು. 'ದುಡ್ಡು ಹೋದ್ರೆ ಹೋಗ್ಲಿ ಬೂಬಮ್ಮ, ಕೈ ಹೋಗಿಲ್ವಲ್ಲ' ಅಂದು ಸೂಜಿಗೆ ದಾರ ಪೋಣಿಸಿ ಕುಂತಳು."

"ಎಲ್ಲರೂ ಬಂದಿದ್ರಾ?"

"ಬಂದಿದ್ರು. ಆತಿಕಾ ಒಬ್ಬಳು ಅತ್ತೂ ಅತ್ತೂ ಎದ್ದು ಹೋದ್ಲು. ಸಣ್ಣ ಹುಡುಗಿ, ಮನಸ್ಸಿಗೆ ಹಚ್ಕಂಡಳೆ. ಮಗೂಗೂ ಜ್ವರ ಅಂತ ಹೊಳಲ್ಕೆರೆಗೆ ಅಕ್ಕನ ಮನೆಗೆ ಹೋದ್ಲು."

ಹೊಳಲ್ಕೆರೆ ಪೇಟೆ ದಾಟುವಾಗ, ಬಂದದ್ದು ಬಂದಿದ್ದೇನೆ, ಮಗುವಿನ ಜ್ವರ ವಿಚಾರಿಸೋಣವೆಂದು ಅವಳು ಆತಿಕಾಳಿಗೆ ಫೋನು ಮಾಡಿದಳು. ಸ್ವಿಚ್ ಆಫ್ ಎಂದಿತು.

ಹೊಸದುರ್ಗ ತಲುಪಿದಾಗ ಮೂರು ಗಂಟೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಸಿರು ಗೇಟಿನ ಮನೆ. ಯಶೋಧಾ ಜೀಪನ್ನು ತುಸು ಮುಂದೆ ನಿಲ್ಲಿಸಿದರು.

"ಕಾಲು ಗಂಟೆ ಕೊಡ್ತೀನಿ ಅಕ್ಕ. ಆಮೇಲೆ ನಾನು ಒಳಗೆ ಬರ್ತೀನಿ."

ಹಾಲಸ್ವಾಮಿಯೇ ಬಾಗಿಲು ತೆರೆದರು. ದಿನವೂ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿಯಲ್ಲಿ ಇರುತ್ತಿದ್ದವರು ಬನಿಯನ್ನು, ಲುಂಗಿಯಲ್ಲಿದ್ದರು. ನಾಲ್ಕು ದಿನದ ಬಿಳಿ ಗಡ್ಡ. ಕಣ್ಣಿನ ಕೆಳಗೆ ಕಪ್ಪು.

"ರೆಹಾನಮ್ಮ. ಅಷ್ಟು ದೂರದಿಂದ." ಅವರು ಅವಳ ಹಿಂದೆ ಬೀದಿಯ ಕಡೆ ನೋಡಿದರು. "ಬರ್ರಿ, ಕುಂತ್ಕಳ್ರಿ. ಮನೆಯೋಳು ತಂಗಿ ಮನೆಗೆ ಹೋಗ್ಯಾಳೆ. ನಾನೇ ಕಾಫಿ ಇಡ್ತೀನಿ."

"ಕಾಫಿ ಬೇಡ ಅಣ್ಣ."

ಅವರು ನಿಂತೇ ಇದ್ದರು. ಅವಳು ಕೂತಳು. ಬರುವ ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತುಗಳೆಲ್ಲ ಆ ಗಡ್ಡ ನೋಡಿ ಚೆದುರಿಹೋಗಿದ್ದವು. ಇದ್ದದ್ದನ್ನೇ ಕೇಳಿದಳು.

"ಆವತ್ತು ನಾನು ಬರೋ ಮುಂಚೆ ನಿಮಗೆ ಹೆಂಗೆ ಗೊತ್ತಾಯ್ತು?"

"ಏನು?"

"ದುಡ್ಡು ಹೋಗ್ತಾ ಐತೆ ಅಂತ. ಹನ್ನೊಂದು ಹನ್ನೆರಡಕ್ಕೆ ನಿಲ್ಲಿಸೀರಿ. ನಾನು ಬಂದಿದ್ದು ಹನ್ನೆರಡರ ಹತ್ರ. ಪೊಲೀಸ್ನೋರ ಹತ್ರ ಕಾಗದ ಐತೆ. ನಾನೇ ನೋಡಿದೆ."

"ಕಂಪ್ಯೂಟರಿನಾಗೆ ಕಂಡ್ತು. ದೊಡ್ಡ ಮೊತ್ತ, ಎರಡು ಸಲ. ಅನುಮಾನ ಬಂತು."

"ಅಣ್ಣ."

"ಸತ್ಯವಾಗಿ..."

"ಹಾಲಣ್ಣ, ನನ್ನ ಸಹಿ ನೀವು ಬರೆದುಕೊಟ್ಟಿದ್ದು. ಮಗಳ ನಿಕಾದ ಕಾಗದಕ್ಕೂ ಅದನ್ನೇ ಹಾಕಿದೀನಿ. ಪೊಲೀಸ್ನೋರು ನಿಮ್ಮ ಮೇಲೇ ಬೊಟ್ಟು ಮಾಡ್ತಾ ಅವ್ರೆ. ಫೋನು ನಿಮ್ಮ ಕೈಯಾಗಿತ್ತು, ಪಿನ್ನು ನಿಮಗೆ ಗೊತ್ತು, ಮಾರನೇ ದಿನ ರಜೆ ಹಾಕೀರಿ. ನಾನು ಅಲ್ಲ ಅಂದ್ರೆ ಅವರು ನಂಬಲ್ಲ. ನೀವೇ ಹೇಳಬೇಕು. ನೀವು ಕದ್ದಿದ್ರೆ ಕದ್ದೆ ಅನ್ನಿ. ಉಳಿಸಿದ ನಾಲ್ಕು ಲಕ್ಷಕ್ಕೆ ನಾನು ನಿಮ್ಮ ಋಣ ಮರೆಯಲ್ಲ. ಆದ್ರೆ ನನ್ನ ಮುಖ ನೋಡಿ ಸುಳ್ಳು ಹೇಳಬೇಡಿ."

ಹಾಲಸ್ವಾಮಿ ಕುರ್ಚಿಯನ್ನು ಎಳೆದುಕೊಂಡು ಕೂತರು. ಕಿಟಕಿಯಾಚೆ ಹೂವಿನವಳು ಕೂಗುತ್ತಾ ಹೋದಳು.

"ಏಳು ತಿಂಗಳು ಐತೆ ನನಗೆ ರಿಟೈರ್ ಆಗಕ್ಕೆ," ಎಂದರು ಕೊನೆಗೆ. "ಅದಕ್ಕೆ ಹೆದರಿ ಸುಮ್ನಿದ್ದೆ ಅನ್ಕಬೇಡಿ. ಅದೂ ಒಂದು. ಆದ್ರೆ ಅದೇ ಅಲ್ಲ."

"ಹೇಳ್ರಿ."

"ಹನ್ನೊಂದೂ ಹನ್ನೆರಡರ ಸುಮಾರಿಗೆ ಬ್ಯಾಂಕಿನ ಫೋನ್ ಬಡ್ಕಂಡ್ತು. ನಾನೇ ಎತ್ತಿದೆ. ಅದಕ್ಕೆ ನಂಬರ್ ತೋರ್ಸೋ ಡಬ್ಬಿ ಐತೆ. ನಿಮ್ಮ ನಂಬರ್ ಬಂದಿತ್ತು."

"ನನ್ನ ನಂಬರ್ರಾ?"

"ನಿಮ್ಮದೇ. ಹೆಣ್ಣು ದನಿ. 'ಸರ್, ನಾನು ರೆಹಾನಾ, ಹಾಸಿಗೆ ಅಂಗಡಿಯೋಳು. ನನ್ನ ಖಾತೆ ಈಗ್ಲೇ ನಿಲ್ಲಿಸಿ, ದುಡ್ಡು ಹೋಗ್ತಾ ಐತೆ' ಅಂದ್ಲು. ಖಾತೆ ನಂಬರು ಬಾಯಿಪಾಠ ಹೇಳಿದ್ಲು."

"ನಾನಲ್ಲ ಅಂತ ತಿಳೀಲಿಲ್ವ?"

"ಸರ್ ಅಂದಿದ್ದಕ್ಕೇ ತಿಳೀತು. ನೀವು ಯಾವತ್ತು ನನ್ನ ಸರ್ ಅಂದೀರಿ? ದನಿನೂ ಎಳೇದು. 'ನೀನು ಯಾರವ್ವ' ಅಂದೆ. ಅಷ್ಟಕ್ಕೆ ಅತ್ತುಬಿಟ್ಲು. 'ಅವನು ಹೊರಗೆ ಹೋಗ್ಯಾನೆ, ಈಗ ಬರ್ತಾನೆ. ನಾನು ಫೋನ್ ಮಾಡಿದ್ದು ಗೊತ್ತಾದ್ರೆ ನನ್ನ ಮಗೂನ ಉಳಿಸಲ್ಲ. ಆಪಾ ದುಡ್ಡು ಉಳಿಸಿ ಸರ್, ನನ್ನ ಸುದ್ದಿ ಯಾರಿಗೂ ಹೇಳಬೇಡಿ' ಅಂದ್ಲು."

ಅವರು ಅಂಗೈಯಿಂದ ಮುಖ ಒರೆಸಿಕೊಂಡರು.

"ನಿಯಮದ ಪ್ರಕಾರ ನಾನು ಆ ದನಿ ನಂಬಬಾರದಿತ್ತು. ನೀವೇ ಬಂದು ಬರೆದುಕೊಡಬೇಕಿತ್ತು. ಕಾಯಕ್ಕೆ ಆಗ್ಲಿಲ್ಲ ರೆಹಾನಮ್ಮ. ನಿಲ್ಲಿಸಿಬಿಟ್ಟೆ. ಆಮೇಲೆ ನೀವು ಬಂದಾಗ ನಿಮ್ಮಿಂದ ಅರ್ಜಿ ಬರೆಸಿಕೊಂಡು ಅದಕ್ಕೇ ನಿಲ್ಲಿಸಿದ್ದು ಅಂತ ರಿಜಿಸ್ಟರಿನಾಗೆ ಬರೆದೆ. ಟೈಮು ಒಂದು ಕಂಪ್ಯೂಟರಿನಾಗೆ ಉಳೀತದೆ ಅನ್ನೋದು ಮರ್ತೆ. ಪೊಲೀಸಿಗೆ ಹೇಳಾಣ ಅಂತ ನಾಲ್ಕು ದಿನದಿಂದ ಫೋನ್ ಎತ್ತೋದು, ಇಡೋದು. ಹೇಳಿ ಆ ಮಗೂಗೆ ಏನಾದ್ರೂ ಆದ್ರೆ? ನಿದ್ದೆ ಹತ್ತಲ್ಲ. ಅದಕ್ಕೇ ರಜೆ."

ರೆಹಾನಾ ಸಿಟ್ಟು ಬರುತ್ತದೆಂದುಕೊಂಡಿದ್ದಳು. ಬರಲಿಲ್ಲ. ಈ ಮನುಷ್ಯ ಮುಖ ಕಾಣದ ಯಾವುದೋ ಹುಡುಗಿಯ ಅಳುವಿಗೆ ಮೂವತ್ತೈದು ವರ್ಷದ ನೌಕರಿಯನ್ನು ಪಣಕ್ಕಿಟ್ಟಿದ್ದ. ಅನುಮಾನವನ್ನು ತನ್ನ ತಲೆಯ ಮೇಲೇ ಹೊತ್ತುಕೊಂಡು ಬಾಯಿ ಮುಚ್ಚಿ ಕೂತಿದ್ದ. ಇಂಥವರನ್ನು ಒಂದು ಗಳಿಗೆಯಾದರೂ ಕಳ್ಳನೆಂದು ನೆನೆದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ನಿಮಗೆ ಏನು ಕೊಟ್ಟರೂ ತೀರಲ್ಲ ಅಣ್ಣ," ಎಂದಳು.

"ನನಗಲ್ಲ. ಆ ಹುಡುಗಿಗೆ ಹೇಳ್ರಿ. ಉಳಿಸಿದ್ದು ಅವಳು."

"ಆಪಾ ಅಂದ್ಲಾ ಅವಳು? ನಮ್ಮ ಅಂಗಡಿಯಾಗೆ ಆರು ಜನ ನನ್ನ ಅಕ್ಕ ಅನ್ನೋ ಬದಲು ಹಂಗೇ ಕರೀತಾರೆ. ಬೇರೆ ಏನಾದ್ರೂ?"

ಹಾಲಸ್ವಾಮಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. "ಹಿಂದೆ ಮಗು ಅಳ್ತಿತ್ತು. ಅದನ್ನ ಸುಮ್ನಿರಿಸಿದ್ಲು. ಉರ್ದುನಾಗೆ. ಚುಪ್ ಮಿಠ್ಠೂ, ಚುಪ್, ಅಂದಂಗಿತ್ತು."

ರೆಹಾನಾ ಆ ಹೆಸರನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಮಿಠ್ಠೂ. ಆ ಹೆಸರನ್ನು ಇಟ್ಟವಳು ಅವಳೇ. ಏಳು ತಿಂಗಳ ಹೆಣ್ಣುಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಆತಿಕಾ ಕೆಲಸ ಕೇಳಲು ಬಂದ ದಿನ, ಹತ್ತಿಯ ರಾಶಿಯ ಮೇಲೆ ಮಲಗಿಸಿದ ಆ ಕೂಸು ಗಿಳಿಮರಿಯಂತೆ ಕಿಚಗುಟ್ಟಿತ್ತು. ಈಗ ಅದಕ್ಕೆ ನಾಲ್ಕು ವರ್ಷ. ರೆಹಾನಾಳನ್ನು ನಾನೀ ಎನ್ನುತ್ತದೆ, ಅಜ್ಜಿ ಎಂದು.

ಇನ್ನೊಂದು ಮಾತೂ ಆಗ ಹೊಳೆಯಿತು. ಪಿನ್ನು ಮತ್ಯಾರಿಗೂ ಗೊತ್ತಿಲ್ಲ ಎಂದು ಬೆಳಿಗ್ಗೆ ಠಾಣೆಯಲ್ಲಿ ಎದೆ ತಟ್ಟಿ ಹೇಳಿದ್ದಳು. ಕೈ ತುಂಬ ಹತ್ತಿಯಿರುವಾಗ, "ಆತಿಕಾ, ಮಂಡಿಯೋರಿಗೆ ಕಳಿಸಿಬಿಡು" ಎಂದು ಆ ನಾಲ್ಕು ಅಂಕಿಗಳನ್ನು ಎಷ್ಟು ಸಲ ಕೂಗಿ ಹೇಳಿಲ್ಲ? ಅದು ಹೊರಗಿನವರಿಗೆ ಹೇಳಿದಂತೆ ಅವಳಿಗೆ ಅನ್ನಿಸಿಯೇ ಇರಲಿಲ್ಲ.

"ಗೊತ್ತಾ ರೆಹಾನಮ್ಮ, ಯಾರು ಅಂತ?"

"ಇಲ್ಲ ಅಣ್ಣ." ಅವಳು ಎದ್ದಳು. "ನಾನು ಬರ್ತೀನಿ. ನೀವು ಊಟ ಮಾಡಿ. ಗಡ್ಡ ತೆಗೀರಿ."

ಗೇಟಿನಿಂದ ಜೀಪಿಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಅವಳು ತೀರ್ಮಾನ ಮಾಡಿಕೊಂಡಿದ್ದಳು. ಅಂಗಡಿಯಲ್ಲಿ ಚಾರ್ಜಿಗಿಟ್ಟ ಫೋನಿನ ಸಿಮ್ ಬದಲಿಸಿ ಆ ಬೆಳಿಗ್ಗೆ ಆತಿಕಾ ಎದ್ದು ಹೋಗಿದ್ದು ನಿಜವಿರಬಹುದು. ಯಾರ ಬೆದರಿಕೆಗೋ ಬದಲಿಸಿದಳು. ಮಗುವನ್ನು ಮುಂದಿಟ್ಟು ಹೆದರಿಸಿದರೆ ಯಾವ ತಾಯಿ ತಾನೇ ಇಲ್ಲ ಎಂದಾಳು? ಆದರೂ ಅವನು ಬೆನ್ನು ತಿರುಗಿಸಿದ ಎರಡು ನಿಮಿಷದಲ್ಲಿ ಹನ್ನೊಂದು ಮನೆಗಳ ಗಂಟನ್ನು ಉಳಿಸಿದಳು. ಮೊದಲು ತಾನು ಹೋಗಿ ಅವಳನ್ನು ನೋಡಬೇಕು. ಆಮೇಲೆ ಪೊಲೀಸು.

ಜೀಪಿನ ಪಕ್ಕ ನಿಂತಿದ್ದ ಯಶೋಧಾರಿಗೆ ಅವಳು ಬ್ಯಾಂಕಿಗೆ ಬಂದ ಕರೆಯ ವಿಷಯ ಹೇಳಿದಳು. ತನ್ನದೇ ನಂಬರಿನಿಂದ ಬಂದದ್ದು, ಎಳೆಯ ದನಿ, ಅಳು, ಮಗುವಿನ ಭಯ, ಎಲ್ಲವನ್ನೂ ಹೇಳಿದಳು. ಒಂದು ಹೆಸರನ್ನು ಬಿಟ್ಟಳು.

ಯಶೋಧಾ ಪೂರ್ತಿ ಕೇಳಿದರು. ಬರೆದುಕೊಳ್ಳಲಿಲ್ಲ.

"ಅಕ್ಕ, ಆ ಮನೆ ಕಿಟಕಿ ತೆಗೆದಿತ್ತು, ನಾನು ಅದರ ಕೆಳಗೇ ಇದ್ದೆ," ಎಂದರು ಮೆಲ್ಲಗೆ. "ಕಾಲು ಗಂಟೆ ಕೊಡ್ತೀನಿ ಅಂದೆ. ಕಿವಿ ಮುಚ್ಕಂತೀನಿ ಅಂದಿರಲಿಲ್ಲ. ಮಿಠ್ಠೂ ಯಾರು?"

ರೆಹಾನಾಳ ಮುಖ ಬಿಸಿಯಾಯಿತು. ತನ್ನನ್ನು ಮೊದಲ ದಿನ ಫ್ಯಾನಿನ ಕೆಳಗೆ ಕೂರಿಸಿದ ಈ ಹೆಂಗಸಿಗೆ ಸುಳ್ಳು ಹೇಳಲು ಹೊರಟಿದ್ದೆನಲ್ಲ.

"ಅವಳು ಕಳ್ಳಿ ಅಲ್ಲ ಮೇಡಂ."

"ಕಳ್ಳಿ ಅಂತ ನಾನು ಎಲ್ಲಿ ಅಂದೆ? ನಿಮ್ಮ ದುಡ್ಡು ಉಳಿಸಿದ ಹುಡುಗಿ ಅವಳು. ಈಗ ಅವಳನ್ನ ಉಳಿಸೋರು ಯಾರು? ಅವನಿಗೆ ಕೈಗೆ ಬಂದ ನಾಲ್ಕು ಲಕ್ಷ ತಪ್ಪೈತೆ. ಯಾರಿಂದ ತಪ್ಪಿತು ಅಂತ ಅವನೂ ಯೋಚನೆ ಮಾಡ್ತಾ ಇರ್ತಾನೆ. ನಾಲ್ಕು ದಿನ ಆಯ್ತು."

ಈ ಲೆಕ್ಕ ರೆಹಾನಾಳಿಗೆ ಹೊಳೆದಿರಲಿಲ್ಲ. ಸ್ವಿಚ್ ಆಫ್ ಎಂದ ಫೋನಿಗೆ ಈಗ ಬೇರೆಯದೇ ಅರ್ಥ ಬಂತು.

"ಆತಿಕಾ," ಎಂದಳು. "ಮಿಠ್ಠೂ ಅವಳ ಮಗಳು. ಹೊಳಲ್ಕೆರೆಯಾಗೆ ಅಕ್ಕನ ಮನೆ ಅಂದಿದ್ಲು. ಮನೆ ಎಲ್ಲಿ ಅಂತ ನನಗೆ ಗೊತ್ತಿಲ್ಲ ಮೇಡಂ. ಅಕ್ಕ ಅನ್ನೋಳು ಇದಾಳೋ ಇಲ್ವೋ, ಅದೂ ಗೊತ್ತಿಲ್ಲ."

"ಹತ್ರಿ ಜೀಪು."

ಅವಳ ಒಂದು ಕಾಲು ಜೀಪಿನ ಮೆಟ್ಟಿಲ ಮೇಲಿತ್ತು. ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಆತಿಕಾಳ ಹೆಸರು.

ಯಶೋಧಾ ಬಗ್ಗಿ ನೋಡಿದರು. "ಎತ್ರಿ. ಸ್ಪೀಕರ್ ಹಾಕ್ರಿ. ನಾನಿರೋದು ಹೇಳಬೇಡಿ."

ರೆಹಾನಾ ಹಸಿರು ಗುಂಡಿಯನ್ನು ಸರಿಸಿದಳು. "ಆತಿಕಾ? ಬೇಟೀ?"

ಉಸಿರಾಟದ ಸದ್ದು. ತುಂಬ ಹತ್ತಿರದಿಂದ, ಫೋನನ್ನು ಬಾಯಿಗೇ ಹಿಡಿದುಕೊಂಡಂತೆ.

"ನಾನೀ," ಎಂದಿತು ಮಗುವಿನ ದನಿ. "ಅಮ್ಮೀ ಉಠ್ತೀಚ್ ನೈ."

ರೆಹಾನಾಳ ಕೈ ಜೀಪಿನ ಸರಳನ್ನು ಹಿಡಿದುಕೊಂಡಿತು. ಬೆರಳಿನಿಂದ ಫೋನನ್ನು ಮುಚ್ಚಿ, "ಅವರಮ್ಮ ಏಳ್ತಾನೇ ಇಲ್ವಂತೆ" ಎಂದು ಪಿಸುಗುಟ್ಟಿದಳು.

"ಎಲ್ಲಿದಾಳೆ ಕೇಳ್ರಿ. ಹೆದರಿಸಬೇಡಿ. ಮೆಲ್ಲಗೆ."

ರೆಹಾನಾ ಕೇಳಿದಳು. ಅಂಗಡಿಯಲ್ಲಿ ಅನ್ನ ಕಲಸಿ ತಿನ್ನಿಸುವಾಗ ಮಾತಾಡುವ ದನಿಯನ್ನೇ ಹೇಗೋ ತಂದುಕೊಂಡು ಕೇಳಿದಳು. ಮಗುವಿಗೆ ಊರು ತಿಳಿಯದು, ಬೀದಿ ತಿಳಿಯದು. ಒಂದು ಕೋಣೆ, ಬಾಗಿಲು ಹಾಕಿದೆ, ಅಮ್ಮ ಕೆಳಗೆ ಮಲಗಿದ್ದಾಳೆ. ಅಷ್ಟೇ ಹೇಳಿತು. ಆಮೇಲೆ, ಏನೋ ಆಟದ ಸಾಮಾನು ತೋರಿಸುವಂತೆ, "ಭೋತ್ ಫೋನಾಂ ಹೈ ಯಾಂ, ನಾನೀ" ಎಂದಿತು.

"ಅಲ್ಲಿ ತುಂಬಾ ಫೋನು ಅವೆಯಂತೆ ಮೇಡಂ."

ಅದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಮಗುವಿನ ದನಿಯ ಹಿಂದೆ ಒಂದು ಫೋನು ಬಡಿದುಕೊಳ್ಳತೊಡಗಿತು. ಅದರ ಜೊತೆಗೆ ಇನ್ನೊಂದು. ಮತ್ತೊಂದು. ಬೇರೆ ಬೇರೆ ರಾಗದ ಹತ್ತಾರು ಗಂಟೆಗಳು ಒಟ್ಟಿಗೇ, ಒಂದು ಮುಚ್ಚಿದ ಕೋಣೆಯೊಳಗೆ.

ಯಶೋಧಾ ಆಗಲೇ ತಮ್ಮ ಫೋನಿನಲ್ಲಿ ಠಾಣೆಗೆ ಆತಿಕಾಳ ನಂಬರು ಹೇಳುತ್ತಿದ್ದರು, ಟವರ್ ಯಾವುದು ನೋಡಿ, ಬೇಗ, ಬೇಗ.

"ನಾನೀ, ಮೈ ಉಠಾವೂಂ?" ಎಂದು ಮಗು ಕೇಳಿತು. ನಾನೊಂದು ಎತ್ತಲಾ?

ರೆಹಾನಾ ಬೇಡವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅಲ್ಲಿ ಬಡಿದುಕೊಳ್ಳುತ್ತಿದ್ದ ಫೋನುಗಳಲ್ಲಿ ಒಂದು ತಟ್ಟನೆ ನಿಂತಿತು.

ಮಗು ಎತ್ತಿರಲಿಲ್ಲ. ಅದು ಇನ್ನೂ, "ಉಠಾವೂಂ, ನಾನೀ?" ಎಂದು ಕೇಳುತ್ತಲೇ ಇತ್ತು. ಅದರ ಪುಟ್ಟ ದನಿಯ ಹಿಂದೆ, ಅದೇ ಕೋಣೆಯೊಳಗಿನಿಂದ, ಇಷ್ಟೊತ್ತೂ ಅಲ್ಲೇ ಇದ್ದವನಂತೆ, ಒಬ್ಬ ಗಂಡಸು ನಿಧಾನವಾಗಿ, ಬಹಳ ಮರ್ಯಾದೆಯಿಂದ ಹೇಳಿದ:

"ಹಲೋ, ನಾವು ಬ್ಯಾಂಕಿನಿಂದ ಮಾತಾಡ್ತಾ ಇದೀವಿ."